ಬಾಣಗಳ ಪಾಠಕ್ಕೆ ಜಂಬಿಟ್ಟಿಗೆಯ ತಕರಾರು

ಪ್ರಥಮ ಪಿಯುಸಿಯಲ್ಲಿ ವಿಜ್ಞಾನ ಓದಿದವರು ಬೇರೆಲ್ಲ ಮರೆತಿದ್ದರೂ ಆವರ್ತ ಕೋಷ್ಟಕದ ಮೇಲೆ ಎಳೆದಿದ್ದ ಎರಡು ಬಾಣಗಳನ್ನು ಮರೆತಿರುವುದಿಲ್ಲ. ಎಡದಿಂದ ಬಲಕ್ಕೆ ಹೋದಂತೆ ಪರಮಾಣುವಿನ ತ್ರಿಜ್ಯ ಕುಗ್ಗುತ್ತದೆ, ಅಯಾನೀಕರಣ ಶಕ್ತಿ ಏರುತ್ತದೆ, ವಿದ್ಯುದೃಣತ್ವ ಏರುತ್ತದೆ, ಲೋಹಗುಣ ಇಳಿಯುತ್ತದೆ. ಮೇಲಿನಿಂದ ಕೆಳಕ್ಕೆ ಬಂದಂತೆ ಎಲ್ಲ ತಿರುಗುಮುರುಗು. ಇದರ ಬೆನ್ನಿಗೇ ‘ಅಪವಾದಗಳು’ ಎಂಬ ಪಟ್ಟಿ ಬರುತ್ತದೆ. ಬೆರಿಲಿಯಂಗಿಂತ ಬೋರಾನಿನ ಅಯಾನೀಕರಣ ಶಕ್ತಿ ಕಡಿಮೆ, ನೈಟ್ರೋಜನ್‌ಗಿಂತ ಆಕ್ಸಿಜನ್ನಿನದು ಕಡಿಮೆ. ಅಲ್ಯುಮಿನಿಯಂನ ಕೆಳಗಿರುವ ಗ್ಯಾಲಿಯಂ ಪರಮಾಣು ಅದಕ್ಕಿಂತ ದೊಡ್ಡದಾಗಿರುವ ಬದಲು ತುಸು ಚಿಕ್ಕದು. ಬಾಣಗಳನ್ನೂ ಅಪವಾದಗಳನ್ನೂ ಉರು ಹೊಡೆದರೆ ಪರೀಕ್ಷೆಗೆ ಸಾಕು, ಅಧ್ಯಾಯ ಮುಗಿಯಿತು.

ಈ ಪಾಠ ನಮ್ಮಲ್ಲಿ ಮೂರು ನಂಬಿಕೆಗಳನ್ನು ಬಿಟ್ಟುಹೋಗಿದೆ. ಒಂದು, ಧಾತುಗಳ ಗುಣ ಸಾಗುವುದು ಈ ಎರಡು ದಿಕ್ಕಿನಲ್ಲಿ ಮಾತ್ರ, ಉಳಿದದ್ದೆಲ್ಲ ಅಪವಾದ. ಎರಡು, ಒಂದೇ ಗುಂಪಿನಲ್ಲಿರುವ ಧಾತುಗಳು ಒಂದೇ ಮನೆತನದವು, ಆದ್ದರಿಂದ ನಡೆನುಡಿಯೂ ಒಂದೇ. ಮೂರು, ಇದೆಲ್ಲ ಪ್ರಯೋಗಾಲಯದ ವಿಷಯ, ಗದ್ದೆ ತೋಟಗಳಿಗೆ ಸಂಬಂಧಪಟ್ಟದ್ದಲ್ಲ. ಮೂರನ್ನೂ ಮೇಷ್ಟರುಗಳು ಒಪ್ಪುತ್ತಾರೆ, ಪಾಲಕರು ಒಪ್ಪುತ್ತಾರೆ, ಓದು ಮುಗಿಸಿ ತೋಟಕ್ಕೆ ಮರಳಿದ ಹುಡುಗರಂತೂ ಎರಡು ಮಾತಿಲ್ಲದೆ ಒಪ್ಪುತ್ತಾರೆ.

ಮೂರೂ ಸರಿಯಲ್ಲ ಎಂಬುದು ನನ್ನ ವಾದ. ಬಾಣಗಳು ಸುಳ್ಳು ಎನ್ನುತ್ತಿಲ್ಲ. ಅವು ಹೇಳುವುದು ಅನಿಲರೂಪದಲ್ಲಿ ಒಂಟಿಯಾಗಿ ನಿಂತ ಪರಮಾಣುವಿನ ಕಥೆಯನ್ನು. ಅಂಥ ಪರಮಾಣು ತೀರ್ಥಹಳ್ಳಿಯ ಗದ್ದೆಯಲ್ಲೂ ಇಲ್ಲ, ಹೊಸನಗರದ ಗುಡ್ಡದಲ್ಲೂ ಇಲ್ಲ, ಸಾಗರದ ತೋಟದಲ್ಲೂ ಇಲ್ಲ. ಅಲ್ಲಿರುವುದು ನೀರಿನ, ಆಕ್ಸಿಜನ್ನಿನ, ಎಲೆಗೊಬ್ಬರದ ನಡುವೆ ಬದುಕುವ ಅಯಾನು. ಅಯಾನುಗಳ ಲೋಕದಲ್ಲೂ ಪ್ರವೃತ್ತಿಗಳಿವೆ, ಬಲವಾದ ಪ್ರವೃತ್ತಿಗಳೇ ಇವೆ. ಆದರೆ ಅವು ಗುಂಪನ್ನೂ ಆವರ್ತವನ್ನೂ ದಾಟಿ ಓರೆಯಾಗಿ ಓಡುತ್ತವೆ. ಕೆಲವೊಮ್ಮೆ ಏರಿ ಒಂದು ಶಿಖರ ಮುಟ್ಟಿ ದಿಢೀರನೆ ಇಳಿಯುತ್ತವೆ. ಇದಕ್ಕೆ ಸಾಕ್ಷಿ ಬೇಕಾದರೆ ಶರಾವತಿ ಹರಿಯುವ ದಾರಿಯನ್ನು ನೋಡಬೇಕು. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರ ತಾಲ್ಲೂಕನ್ನು ಹಾದು, ಸಾಗರ ತಾಲ್ಲೂಕಿನ ಜೋಗದಲ್ಲಿ ಧುಮುಕಿ ಹೊನ್ನಾವರದಲ್ಲಿ ಕಡಲು ಸೇರುವ ಈ ಹೊಳೆ ಲಕ್ಷಾಂತರ ವರ್ಷಗಳಿಂದ ಧಾತುಗಳನ್ನು ವಿಂಗಡಿಸುತ್ತಲೇ ಬಂದಿದೆ.

ಮಲೆನಾಡಿನಲ್ಲಿ ಎಲ್ಲರೂ ಆಡುವ ಮಾತೊಂದಿದೆ: ಮಳೆ ಮಣ್ಣಿನ ಸಾರವನ್ನೆಲ್ಲ ತೊಳೆದುಕೊಂಡು ಹೋಗುತ್ತದೆ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆಯೇ 7,000 ಮಿ.ಮೀ. ದಾಟುತ್ತದೆ, ಹೊಸನಗರ ತಾಲ್ಲೂಕಿನ ಹುಲಿಕಲ್ ಅದರೊಂದಿಗೆ ಸ್ಪರ್ಧೆಗಿಳಿಯುವ ಊರು. ಇಷ್ಟು ನೀರು ಸುರಿದ ಮೇಲೆ ಏನು ಉಳಿದೀತು ಎನಿಸುವುದು ಸಹಜ. ಆದರೆ ಜಂಬಿಟ್ಟಿಗೆ ಕಲ್ಲಿನ ಕ್ವಾರಿಯ ಗೋಡೆ ಬೇರೆಯದನ್ನೇ ಹೇಳುತ್ತದೆ. ಮಳೆ ಎಲ್ಲವನ್ನೂ ಒಯ್ಯಲಿಲ್ಲ, ಆರಿಸಿ ಒಯ್ದಿದೆ. ಕೆಳಗಿನ ಗ್ನೀಸ್ ಬಂಡೆಯಲ್ಲಿ ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ, ಸಿಲಿಕಾನ್, ಅಲ್ಯುಮಿನಿಯಂ, ಕಬ್ಬಿಣ ಎಲ್ಲವೂ ಇದ್ದವು. ಮೇಲಿನ ಜಂಬಿಟ್ಟಿಗೆಯಲ್ಲಿ ಮೊದಲ ನಾಲ್ಕು ಹೆಚ್ಚುಕಡಿಮೆ ಮಾಯ. ಸಿಲಿಕಾನ್ ಬಹಳಷ್ಟು ಕರಗಿದೆ. ಕಬ್ಬಿಣ ಮತ್ತು ಅಲ್ಯುಮಿನಿಯಂ ಗಟ್ಟಿಯಾಗಿ ಕೂತಿವೆ, ಜೊತೆಗೆ ಒಂದಿಷ್ಟು ಟೈಟಾನಿಯಂ. 1800–01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸೀಮೆಗಳಲ್ಲಿ ತಿರುಗಿದ ಫ್ರಾನ್ಸಿಸ್ ಬುಕಾನನ್ ಇಕ್ಕೇರಿ, ನಗರಗಳ ದಾರಿಯಲ್ಲೂ ಬಂದುಹೋದವನು. 1807ರ ತನ್ನ ಪುಸ್ತಕದಲ್ಲಿ ಈ ಕಲ್ಲಿಗೆ ‘ಲ್ಯಾಟರೈಟ್’ ಎಂದು ಹೆಸರಿಟ್ಟದ್ದು ಅವನೇ. ಅಗೆಯುವಾಗ ಮೆತ್ತಗಿದ್ದು ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುವ ಅದರ ಗುಣವನ್ನೂ ಅವನು ಬರೆದಿಟ್ಟ. ಆದರೆ ಮಳೆ ಹೀಗೆ ಆರಿಸಿ ಒಯ್ಯುವುದು ಏಕೆ ಎಂಬುದಕ್ಕೆ ಉತ್ತರ ಬರಲು ನೂರು ವರ್ಷಕ್ಕೂ ಹೆಚ್ಚು ಬೇಕಾಯಿತು.

ಪಾಠದ ಬಾಣ ಹಿಡಿದು ಈ ಪಟ್ಟಿಯನ್ನು ವಿವರಿಸಲು ಹೊರಡೋಣ. ಸೋಡಿಯಂ, ಮೆಗ್ನೀಸಿಯಂ, ಅಲ್ಯುಮಿನಿಯಂ, ಸಿಲಿಕಾನ್ ನಾಲ್ಕೂ ಮೂರನೇ ಆವರ್ತದಲ್ಲಿ ಸಾಲಾಗಿ ಕೂತಿವೆ. ಎಡಕ್ಕಿರುವ ಎರಡು ಹೋದವು, ಮೂರನೆಯದು ಉಳಿಯಿತು. ಇಲ್ಲಿಯವರೆಗೆ ಬಾಣ ಬಚಾವು. ನಾಲ್ಕನೆಯದಾದ ಸಿಲಿಕಾನ್ ಇನ್ನೂ ಗಟ್ಟಿಯಾಗಿ ಉಳಿಯಬೇಕಿತ್ತು, ಅದು ನಿಧಾನವಾಗಿ ಜಾರಿತು. ಇನ್ನೂ ಬಲಕ್ಕಿರುವ ಗಂಧಕ ಸಲ್ಫೇಟಾಗಿ ಮಳೆನೀರಿನೊಂದಿಗೆ ಹರಿದೇ ಹೋಗುತ್ತದೆ. ಎಡಕ್ಕೆ ಕರಗುವವು, ನಡುವೆ ಕರಗದವು, ಬಲಕ್ಕೆ ಮತ್ತೆ ಕರಗುವವು. ಒಂದೇ ದಿಕ್ಕಿಗೆ ಮುಖ ಮಾಡಿದ ಬಾಣದಲ್ಲಿ ಈ ಏರಿಳಿತ ಹಿಡಿಸುವುದಿಲ್ಲ. ಇನ್ನು ಕಬ್ಬಿಣ ಇರುವುದು ನಾಲ್ಕನೇ ಆವರ್ತದಲ್ಲಿ, ಎಂಟನೇ ಗುಂಪಿನಲ್ಲಿ. ಅಲ್ಯುಮಿನಿಯಂ ಹದಿಮೂರನೇ ಗುಂಪಿನದು. ಕೋಷ್ಟಕದಲ್ಲಿ ಇಷ್ಟು ದೂರ ಕೂತ ಎರಡು ಧಾತುಗಳು ಒಂದೇ ಕಲ್ಲಿನಲ್ಲಿ ಜೊತೆಯಾಗಿ ಉಳಿದದ್ದು ಹೇಗೆ? ‘ಮನೆತನ’ದ ವಾದದ ಬಳಿ ಇದಕ್ಕೆ ಉತ್ತರವಿಲ್ಲ.

ಉತ್ತರ ಇರುವುದು ಒಂದು ಸರಳ ಭಾಗಾಕಾರದಲ್ಲಿ: ಅಯಾನಿನ ವಿದ್ಯುದಾವೇಶವನ್ನು ಅದರ ತ್ರಿಜ್ಯದಿಂದ ಭಾಗಿಸಿ. 1928ರಲ್ಲಿ ಕಾರ್ಟ್‌ಲೆಜ್ ಎಂಬ ರಸಾಯನಜ್ಞ ಈ ಅನುಪಾತವನ್ನು ಮುಂದಿಟ್ಟ. ಭೂರಸಾಯನಶಾಸ್ತ್ರಕ್ಕೆ ಅಡಿಪಾಯ ಹಾಕಿದ ವಿಕ್ಟರ್ ಗೋಲ್ಡ್‌ಷ್ಮಿಟ್ ಬಂಡೆ, ಮಣ್ಣು, ಸಮುದ್ರಗಳಲ್ಲಿ ಧಾತುಗಳು ಹಂಚಿಹೋದ ಬಗೆಯನ್ನು ಅಯಾನುಗಳ ಗಾತ್ರ ಮತ್ತು ಆವೇಶದಿಂದಲೇ ವಿವರಿಸಿದ. ತ್ರಿಜ್ಯವನ್ನು ನೂರು ಪಿಕೊಮೀಟರಿನ ಅಳತೆಯಲ್ಲಿ ತೆಗೆದುಕೊಂಡರೆ ಪೊಟ್ಯಾಸಿಯಂಗೆ 0.7, ಸೋಡಿಯಂಗೆ 1, ಕ್ಯಾಲ್ಸಿಯಂಗೆ 2, ಮೆಗ್ನೀಸಿಯಂಗೆ 2.8 ಬರುತ್ತದೆ. ಮೂರು ಆವೇಶ ಹೊತ್ತ ಕಬ್ಬಿಣಕ್ಕೆ 4.7, ಅಲ್ಯುಮಿನಿಯಂಗೆ 5.6, ಟೈಟಾನಿಯಂಗೆ 6.6. ಸಿಲಿಕಾನಿಗೆ 10. ಗಂಧಕಕ್ಕೆ 20ಕ್ಕೂ ಹೆಚ್ಚು. ಸುಮಾರು 3ಕ್ಕಿಂತ ಕೆಳಗಿನವು ತಮ್ಮ ಸುತ್ತ ನೀರಿನ ಅಣುಗಳನ್ನು ಕಟ್ಟಿಕೊಂಡು ಹರಿದು ಹೋಗುತ್ತವೆ. 3ರಿಂದ 12ರ ನಡುವಿನವು ನೀರಿನ ಅಣುವನ್ನು ಎಷ್ಟು ಬಿಗಿಯಾಗಿ ಎಳೆಯುತ್ತವೆಂದರೆ, ಅದರಿಂದ ಹೈಡ್ರೋಜನ್ ಕಳಚಿಬಿದ್ದು ಕರಗದ ಹೈಡ್ರಾಕ್ಸೈಡಾಗಿ ಕೂರುತ್ತವೆ. 12ನ್ನು ದಾಟಿದವು ಆಕ್ಸಿಜನ್ನಿನೊಡನೆ ಸೇರಿ ಋಣ ಆವೇಶದ ಅಯಾನಾಗಿ ಮತ್ತೆ ನೀರಿಗಿಳಿಯುತ್ತವೆ. ಗಡಿಯ ಹತ್ತಿರವಿರುವ ಸಿಲಿಕಾನ್ ಆಮ್ಲರೂಪದಲ್ಲಿ ಮೆಲ್ಲಗೆ ಜಾರುತ್ತದೆ. ಜಂಬಿಟ್ಟಿಗೆಯ ಇಡೀ ಲೆಕ್ಕ ಇಷ್ಟರಲ್ಲಿ ಮುಗಿಯಿತು. ಕಬ್ಬಿಣವೂ ಅಲ್ಯುಮಿನಿಯಂ ಕೂಡ ಜೊತೆಯಾಗಿ ಉಳಿದದ್ದು ಗುಂಪಿನಿಂದಲ್ಲ, ಈ ಅಂಕಿಗಳು ಹತ್ತಿರ ಇದ್ದುದರಿಂದ.

ಇದೇ ಲೆಕ್ಕವನ್ನು ತಲೆಕೆಳಗಾಗಿ ನೋಡಬೇಕಾದರೆ ಬಚ್ಚಲೊಲೆಯ ಬೂದಿಯನ್ನು ನೋಡಬಹುದು. ಸೌದೆ ಉರಿದಾಗ ಇಂಗಾಲ, ಹೈಡ್ರೋಜನ್, ನೈಟ್ರೋಜನ್ ಹೊಗೆಯಾಗಿ ಹೋಗುತ್ತವೆ. ಬೂದಿಯಲ್ಲಿ ಉಳಿಯುವುದು ಮುಖ್ಯವಾಗಿ ಕ್ಯಾಲ್ಸಿಯಂ, ಪೊಟ್ಯಾಸಿಯಂ, ಮೆಗ್ನೀಸಿಯಂ, ಒಂದಿಷ್ಟು ರಂಜಕ. ಅಂದರೆ ಜಂಬಿಟ್ಟಿಗೆಯಲ್ಲಿ ಕಾಣೆಯಾದ ಮುಖ್ಯ ಪೋಷಕಾಂಶಗಳ ಪಟ್ಟಿ ಬೂದಿಯಲ್ಲಿ ಸಿಗುತ್ತದೆ. ಮಳೆ ಒಯ್ಯಬೇಕಾಗಿದ್ದನ್ನು ಮರ ನಡುದಾರಿಯಲ್ಲಿ ತಡೆದು ಎಲೆಗೆ, ತೊಗಟೆಗೆ ಏರಿಸಿಕೊಂಡಿದೆ. ಸೊಪ್ಪಿನಬೆಟ್ಟದಿಂದ ಸೊಪ್ಪು ತಂದು ತೋಟಕ್ಕೆ ಹೊದಿಸುವ, ಬೂದಿಯನ್ನು ಹಿತ್ತಲಿಗೆ ಚೆಲ್ಲುವ ಪದ್ಧತಿಗಳನ್ನು ‘ಸಾವಯವ’ ಎಂಬ ಮಾತಿನಲ್ಲಿ ಹೊಗಳಿ ಕೈತೊಳೆದುಕೊಳ್ಳುತ್ತೇವೆ. ಅವುಗಳ ಒಳಗಿರುವುದು ಅನುಪಾತ 3ಕ್ಕಿಂತ ಕಡಿಮೆ ಇರುವ ಅಯಾನುಗಳನ್ನು ಹೊಳೆ ಸೇರುವ ಮೊದಲೇ ಹಿಡಿದು ಹಿಂದಕ್ಕೆ ತರುವ ಉಪಾಯ. ‘ಮಳೆ ಸಾರವನ್ನೆಲ್ಲ ಒಯ್ಯುತ್ತದೆ’ ಎಂಬ ಮಾತು ಈ ಉಪಾಯವನ್ನು ಕಾಣಗೊಡುವುದಿಲ್ಲ. ಯಾವುದನ್ನು ಒಯ್ಯುತ್ತದೆ, ಯಾವುದನ್ನು ಬಿಡುತ್ತದೆ ಎಂದು ಕೇಳಿದಾಗಲೇ ಅದು ಕಾಣುತ್ತದೆ.

ಮಳೆ ಬಿಟ್ಟುಹೋದವುಗಳೂ ಸುಮ್ಮನೆ ಕೂರುವುದಿಲ್ಲ. ಮಲೆನಾಡಿನ ಮಣ್ಣು ಹುಳಿಯಾಗಿರುವುದಕ್ಕೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೋದದ್ದು ಅರ್ಧ ಕಾರಣ. ಇನ್ನರ್ಧ ಉಳಿದ ಅಲ್ಯುಮಿನಿಯಂ. ಮಣ್ಣಿನ ರಸಸಾರ ಸುಮಾರು 5.5ಕ್ಕಿಂತ ಕೆಳಗಿಳಿದಂತೆ ಅಲ್ಯುಮಿನಿಯಂ ಅಯಾನು ದ್ರಾವಣಕ್ಕೆ ಬರುತ್ತದೆ. ತನ್ನ ಸುತ್ತಲಿನ ನೀರಿನ ಅಣುಗಳಿಂದ ಹೈಡ್ರೋಜನ್ ಕಳಚಿ ಮಣ್ಣನ್ನು ಮತ್ತಷ್ಟು ಹುಳಿ ಮಾಡುತ್ತದೆ, ಬೇರಿನ ತುದಿಯನ್ನು ಮೊಟಕು ಮಾಡುತ್ತದೆ. ಸುಣ್ಣ ಹಾಕುವುದೆಂದರೆ ಕ್ಯಾಲ್ಸಿಯಂ ಕೊಡುವುದಷ್ಟೇ ಎಂದು ತಿಳಿದವರು ಬಹಳ. ಸುಣ್ಣದ ಮುಖ್ಯ ಕೆಲಸ ಅಲ್ಯುಮಿನಿಯಂ ಅನ್ನು ಮತ್ತೆ ಹೈಡ್ರಾಕ್ಸೈಡಾಗಿ ಕೂರಿಸುವುದು. ಅದೇ ರೀತಿ ಕೊಟ್ಟ ರಂಜಕವನ್ನು ಕಬ್ಬಿಣ ಮತ್ತು ಅಲ್ಯುಮಿನಿಯಂ ಆಕ್ಸೈಡುಗಳು ಬಿಗಿಯಾಗಿ ಹಿಡಿದು ಬೇರಿಗೆ ಸಿಗದಂತೆ ಮಾಡುತ್ತವೆ. ಬೇರೆ ಕಡೆ ಕರಗದ ರಾಕ್ ಫಾಸ್ಫೇಟ್ ಇಲ್ಲಿಯ ಹುಳಿ ಮಣ್ಣಿಗೆ ಒಗ್ಗುವುದೂ ಆ ಹುಳಿಯೇ ಅದನ್ನು ನಿಧಾನವಾಗಿ ಕರಗಿಸುವುದರಿಂದ. ಒಂದು ಅಯಾನಿನ ಗಾತ್ರ ಮತ್ತು ಆವೇಶದಿಂದ ಹೊರಟು ಗೊಬ್ಬರದ ಚೀಲದವರೆಗೆ ಬರಬಹುದು. ‘ಇದು ತೋಟಕ್ಕೆ ಸಂಬಂಧಪಡದ ವಿಷಯ’ ಎಂಬ ನಂಬಿಕೆ ಎಷ್ಟು ದುಬಾರಿ ಎಂಬುದನ್ನು ಇಲ್ಲಿಂದ ಅಳೆಯಬಹುದು.

ಕಬ್ಬಿಣದ ವಿಷಯಕ್ಕೆ ಬಂದರೆ ಪಾಠದ ಇನ್ನೊಂದು ಗೃಹೀತ ಕುಸಿಯುತ್ತದೆ: ಒಂದು ಧಾತುವಿಗೆ ಒಂದು ಜಾಗ, ಒಂದು ಸ್ವಭಾವ. ಗುಡ್ಡದ ಮೇಲೆ ಗಾಳಿಗೆ ತೆರೆದುಕೊಂಡ ಕಬ್ಬಿಣಕ್ಕೆ ಮೂರು ಆವೇಶ, ಅಲ್ಲಿ ಅದು ಕರಗುವುದಿಲ್ಲ. ಅದೇ ಗುಡ್ಡದ ಬುಡದ ಕೆಸರುಗದ್ದೆಯಲ್ಲಿ ನೀರು ನಿಂತು ಗಾಳಿ ಕಡಿದಾಗ ಸೂಕ್ಷ್ಮಜೀವಿಗಳು ಅದನ್ನು ಎರಡು ಆವೇಶಕ್ಕೆ ಇಳಿಸುತ್ತವೆ. ಆಗ ಅದರ ತ್ರಿಜ್ಯ 64.5ರಿಂದ 78 ಪಿಕೊಮೀಟರಿಗೆ ಹಿಗ್ಗುತ್ತದೆ, ಅನುಪಾತ 4.7ರಿಂದ 2.6ಕ್ಕೆ ಬೀಳುತ್ತದೆ. ಮೆಗ್ನೀಸಿಯಂನ ಅಂಕಿ 2.8 ಎಂಬುದನ್ನು ನೆನಪಿಸಿಕೊಳ್ಳಿ. ಅಲ್ಯುಮಿನಿಯಂ ಜೊತೆಗಿದ್ದ ಕಬ್ಬಿಣ ಈಗ ಮೆಗ್ನೀಸಿಯಂ ಸಾಲಿಗೆ ಬಂದು ಕರಗಿ ಹರಿಯುತ್ತದೆ. ಗದ್ದೆಯ ಮಣ್ಣು ಕೆಂಪು ಕಳೆದು ಬೂದುಬಣ್ಣಕ್ಕೆ ತಿರುಗುವುದೂ, ಕರಗಿದ ಕಬ್ಬಿಣ ಮಿತಿ ಮೀರಿದಾಗ ಭತ್ತದ ಎಲೆ ಕಂದುಗಟ್ಟುವುದೂ ಇದರಿಂದಲೇ. ಆ ನೀರು ಒಸರಿ ಹಳ್ಳಕ್ಕೆ ಬಂದು ಗಾಳಿ ತಾಗಿದ ಕೂಡಲೇ ಕಿತ್ತಳೆ ಬಣ್ಣದ ಗಸಿ ಕೂರುತ್ತದೆ, ಮೇಲೆ ಎಣ್ಣೆಯಂಥ ಪದರ ತೇಲುತ್ತದೆ. ಕಡ್ಡಿಯಿಂದ ಕದಡಿದರೆ ಎಣ್ಣೆ ಮತ್ತೆ ಕೂಡಿಕೊಳ್ಳುತ್ತದೆ, ಈ ಪದರ ಚೂರುಚೂರಾಗಿ ಒಡೆಯುತ್ತದೆ. ಅದು ಕಬ್ಬಿಣದ ಕೆಲಸ. ಕೋಷ್ಟಕದಲ್ಲಿ ಕಬ್ಬಿಣಕ್ಕೆ ಒಂದೇ ಚೌಕ. ಗುಡ್ಡ ಮತ್ತು ಗದ್ದೆಗಳಲ್ಲಿ ಅದು ಎರಡು ಬೇರೆ ವಸ್ತುಗಳಂತೆ ನಡೆದುಕೊಳ್ಳುತ್ತದೆ.

ಈ ತೊಡಕನ್ನು ನೇರವಾಗಿ ಎದುರಿಸಿದ ಕೋಷ್ಟಕವೂ ಇದೆ. ಅಮೆರಿಕದ ಜಾರ್ಜಿಯಾ ವಿಶ್ವವಿದ್ಯಾಲಯದ ಭೂವಿಜ್ಞಾನಿ ಬ್ರೂಸ್ ರೈಲ್ಸ್‌ಬ್ಯಾಕ್ 2003ರಲ್ಲಿ ಪ್ರಕಟಿಸಿದ ಆವರ್ತ ಕೋಷ್ಟಕದಲ್ಲಿ ಚೌಕಗಳು ಧಾತುಗಳಿಗಷ್ಟೇ ಅಲ್ಲ, ಅಯಾನುಗಳಿಗೂ ಇವೆ. ಕಬ್ಬಿಣ, ಗಂಧಕಗಳಂಥವು ಒಂದಕ್ಕಿಂತ ಹೆಚ್ಚು ಕಡೆ ಕಾಣಿಸಿಕೊಳ್ಳುತ್ತವೆ. ಆವೇಶ ಮತ್ತು ತ್ರಿಜ್ಯದ ಅನುಪಾತ ಸಮನಾಗಿರುವ ಕಡೆಗಳನ್ನು ಜೋಡಿಸುವ ಗೆರೆಗಳು ಕೋಷ್ಟಕದ ಉದ್ದಕ್ಕೂ ಬಾಗಿ ಹಾದಿವೆ. ಬಾಣಕ್ಕಿಂತ ಈ ಗೆರೆಗಳು ಮಲೆನಾಡಿಗೆ ಹತ್ತಿರ.

ಗುಂಪೇ ಮನೆತನ ಎಂಬ ನಂಬಿಕೆಯನ್ನು ಈಗ ಅದರ ಸ್ವಂತ ನೆಲದಲ್ಲೇ ಪರೀಕ್ಷಿಸೋಣ. ಮೊದಲ ಗುಂಪಿನ ಸೋಡಿಯಂ, ಪೊಟ್ಯಾಸಿಯಂಗಿಂತ ಅಂಟಿಕೊಂಡ ಜೋಡಿ ಪಾಠದಲ್ಲಿ ಇನ್ನೊಂದಿಲ್ಲ. ಲೋಹದ ಚೂರನ್ನು ನೀರಿಗೆ ಹಾಕಿದರೆ ಎರಡೂ ಉರಿಯುತ್ತವೆ, ಪೊಟ್ಯಾಸಿಯಂ ಹೆಚ್ಚು ಜೋರು. ಆದರೆ ನಿಸರ್ಗದಲ್ಲಿ ಎರಡೂ ಲೋಹವಾಗಿ ಸಿಗುವುದೇ ಇಲ್ಲ. ಭೂಮಿಯ ಹೊರಪದರದಲ್ಲಿ ಅವುಗಳ ಪ್ರಮಾಣ ಹೆಚ್ಚುಕಡಿಮೆ ಸಮ, ತಲಾ ಶೇ. 2ರಿಂದ 3. ಬಂಡೆಯಿಂದ ಎರಡೂ ಬಿಡುಗಡೆಯಾಗಿ ಹೊಳೆ ಸೇರುತ್ತವೆ. ಮನೆತನದ ಮಾತು ನಿಜವಾಗಿದ್ದರೆ ಹೊನ್ನಾವರದ ಕಡಲಿನಲ್ಲೂ ಅವು ಸಮನಾಗಿರಬೇಕಿತ್ತು. ಒಂದು ಕಿಲೋ ಸಮುದ್ರದ ನೀರಿನಲ್ಲಿ ಸೋಡಿಯಂ ಸುಮಾರು 10.8 ಗ್ರಾಂ ಇದ್ದರೆ ಪೊಟ್ಯಾಸಿಯಂ 0.4 ಗ್ರಾಂ ಮಾತ್ರ. ಉಳಿದದ್ದು ಎಲ್ಲಿ ಹೋಯಿತು? ದೊಡ್ಡ ಪೊಟ್ಯಾಸಿಯಂ ಅಯಾನು ತನ್ನ ಸುತ್ತಲಿನ ನೀರನ್ನು ಸಡಿಲವಾಗಿ ಹಿಡಿದಿರುತ್ತದೆ. ಅದನ್ನು ಬೇಗ ಕಳಚಿ ಕೆಲವು ಜೇಡಿಗಳ ಪದರದೊಳಗೆ ಸಿಕ್ಕಿಕೊಳ್ಳುತ್ತದೆ. ಸಸ್ಯಗಳೂ ಅದನ್ನು ಬೇಕೆಂದೇ ಹೀರುತ್ತವೆ. ಸೋಡಿಯಂ ತನ್ನ ನೀರಿನ ಕವಚವನ್ನು ಬಿಡದೆ ಕಡಲಿನವರೆಗೂ ಹೋಗುತ್ತದೆ. ಬರಿಯ ಅಯಾನಿನಲ್ಲಿ ಪೊಟ್ಯಾಸಿಯಂ ದೊಡ್ಡದು. ನೀರಿನ ಕವಚದೊಡನೆ ಅಳೆದರೆ ಸೋಡಿಯಂ ದೊಡ್ಡದು. ಅಂದರೆ ಕೆಳಮುಖದ ಬಾಣವೇ ನೀರಿನಲ್ಲಿ ಮೇಲ್ಮುಖವಾಗುತ್ತದೆ.

ಮಲೆನಾಡಿನ ಕೆಂಪುಮಣ್ಣಿನ ದುರದೃಷ್ಟವೆಂದರೆ ಪೊಟ್ಯಾಸಿಯಂ ಹಿಡಿಯುವಂಥ ಜೇಡಿ ಅದರಲ್ಲಿ ಕಡಿಮೆ. ಇಲ್ಲಿರುವುದು ಹೆಚ್ಚಾಗಿ ಕೆಯೊಲಿನ್ ಜಾತಿಯದು, ಅದರ ಹಿಡಿತ ದುರ್ಬಲ. ಆದ್ದರಿಂದ ಈ ನೆಲದಲ್ಲಿ ಪೊಟ್ಯಾಸಿಯಂಗೆ ಭದ್ರವಾದ ಜಾಗ ಹಸಿರು. ಅಡಿಕೆ ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಎಂಬ ಶಿಫಾರಸನ್ನು ಬೆಳೆಗಾರರು ಬಾಯಿಪಾಠ ಹೇಳುತ್ತಾರೆ. ಮೂರರಲ್ಲಿ ಪೊಟ್ಯಾಷ್ ಏಕೆ ಮುಂದೆ, ಅದನ್ನು ಒಂದೇ ಸಲ ಸುರಿಯದೆ ಎರಡು ಕಂತು ಏಕೆ ಎಂಬುದು ಬೆಳೆಯ ಹಸಿವಿನ ಮಾತು ಮಾತ್ರವಲ್ಲ. ಒಂದೇ ಆವೇಶ ಹೊತ್ತ ದೊಡ್ಡ ಅಯಾನು ಈ ಮಳೆಯಲ್ಲಿ ನಿಲ್ಲುವುದಿಲ್ಲ ಎಂಬ ಮಾತೂ ಹೌದು.

ಇಷ್ಟು ಹೇಳಿ ನಿಲ್ಲಿಸಿದರೆ ನಾನೂ ಪಾಠದ ತಪ್ಪನ್ನೇ ಮಾಡಿದಂತೆ: ಎರಡು ಬಾಣದ ಬದಲು ಒಂದು ಭಾಗಾಕಾರವನ್ನು ಪೀಠಕ್ಕೇರಿಸಿದಂತೆ. ಈ ಭಾಗಾಕಾರಕ್ಕೂ ಮಿತಿ ಇದೆ, ಅದನ್ನು ತೋರಿಸುವುದು ಕೊಳೆ ಔಷಧಿ. ಅಡಿಕೆಯ ಕೊಳೆರೋಗವನ್ನು ವೈಜ್ಞಾನಿಕವಾಗಿ ಅಧ್ಯಯನ ಮಾಡಿದವರು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್. ರೋಗಾಣುವನ್ನು ವಿವರಿಸಿದ ಅವರ ಪ್ರಕಟಣೆ 1910ರದು. ಫ್ರಾನ್ಸಿನ ದ್ರಾಕ್ಷಿತೋಟಗಳಿಗಾಗಿ ಮಿಲಾರ್ಡೆ 1885ರಲ್ಲಿ ಪ್ರಕಟಿಸಿದ್ದ ಬೋರ್ಡೋ ದ್ರಾವಣವನ್ನು ಅಡಿಕೆ ಕೊನೆಗೆ ತಂದವರೂ ಕೋಲ್ಮನ್ನರೇ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮಳೆ ಹಿಡಿಯುವ ಮುನ್ನ ಒಂದು ಸಲ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ ಕೊನೆಗೌಡರು ಮರ ಹತ್ತಿ ಹೊಡೆಯುತ್ತಾರೆ.

ಮೈಲುತುತ್ತದಲ್ಲಿ ಕೆಲಸ ಮಾಡುವುದು ತಾಮ್ರ. ತಾಮ್ರವೇ ಏಕೆ? ತಾಮ್ರದ ಅಯಾನಿಗೆ ಎರಡು ಆವೇಶ, ತ್ರಿಜ್ಯ 73 ಪಿಕೊಮೀಟರ್. ಮೆಗ್ನೀಸಿಯಂಗೂ ಎರಡೇ ಆವೇಶ, ತ್ರಿಜ್ಯ 72. ಸತುವಿಗೆ 74. ಅನುಪಾತದ ಲೆಕ್ಕದಲ್ಲಿ ಮೂರೂ ಒಂದೇ. ಆದರೆ ಮೆಗ್ನೀಸಿಯಂ ಎಲೆಯ ಹಸಿರಿನ ನಟ್ಟನಡುವೆ ಕೂತು ಗಿಡವನ್ನು ಬದುಕಿಸುತ್ತದೆ, ತಾಮ್ರ ಶಿಲೀಂಧ್ರದ ಕಿಣ್ವಗಳಿಗೆ ಅಂಟಿಕೊಂಡು ಅದನ್ನು ಕೊಲ್ಲುತ್ತದೆ. ಈ ವ್ಯತ್ಯಾಸವನ್ನು 1948ರಲ್ಲಿ ಆಕ್ಸ್‌ಫರ್ಡಿನ ಇರ್ವಿಂಗ್ ಮತ್ತು ವಿಲಿಯಮ್ಸ್ ಒಂದು ಸಾಲಿನಲ್ಲಿ ಜೋಡಿಸಿದರು. ಎರಡು ಆವೇಶ ಹೊತ್ತ ಮ್ಯಾಂಗನೀಸ್, ಕಬ್ಬಿಣ, ಕೋಬಾಲ್ಟ್, ನಿಕಲ್, ತಾಮ್ರ ಈ ಕ್ರಮದಲ್ಲಿ ಸಾವಯವ ಅಣುಗಳೊಡನೆ ಕಟ್ಟುವ ಬಂಧದ ಬಿಗಿ ಏರುತ್ತಾ ಹೋಗುತ್ತದೆ. ತಾಮ್ರದಲ್ಲಿ ತುದಿ ಮುಟ್ಟಿ ಸತುವಿನಲ್ಲಿ ಇಳಿಯುತ್ತದೆ. ಪಾಠದ ಪ್ರಕಾರ ಈ ಸಾಲು ಬೇಸರದ ಸಾಲು, ತ್ರಿಜ್ಯ ಹೆಚ್ಚು ಬದಲಾಗುವುದಿಲ್ಲ ಎಂದು ಹೇಳಿ ಮುಂದೆ ಸಾಗುವ ಜಾಗ. ತೋಟಕ್ಕೆ ಬೇಕಾದ ಏರುಪೇರೆಲ್ಲ ಇರುವುದು ಅಲ್ಲಿಯೇ.

ಅದೇ ಏರುಪೇರಿನ ಇನ್ನೊಂದು ಮುಖವನ್ನು ಬೆಳೆಗಾರರು ಮಳೆಗಾಲಕ್ಕೆ ಮುನ್ನ ಕೈಯಾರೆ ಪರೀಕ್ಷಿಸುತ್ತಾರೆ. ದ್ರಾವಣ ಸರಿಯಾಯಿತೇ ಎಂದು ನೋಡಲು ಹೊಳಪಿರುವ ಕತ್ತಿಯನ್ನು ಅದರಲ್ಲಿ ಅದ್ದಿ ತೆಗೆಯುವುದು ಹಳೆಯ ರೂಢಿ. ಅಲಗಿನ ಮೇಲೆ ಕೆಂಪು ಲೇಪ ಕಂಡರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು. ಇಲ್ಲದಿದ್ದರೆ ಬಿಡಿ ತಾಮ್ರ ಎಳೆ ಕಾಯಿಯನ್ನೂ ಎಲೆಯನ್ನೂ ಸುಡುತ್ತದೆ. ಕತ್ತಿಯ ಕಬ್ಬಿಣ ತಾನು ಕರಗಿ ತಾಮ್ರವನ್ನು ಹೊರಕ್ಕೆ ತಳ್ಳಿರುತ್ತದೆ. ಕಬ್ಬಿಣದ ವಿದ್ಯುದ್ವಾರ ವಿಭವ ಋಣ 0.44 ವೋಲ್ಟ್, ತಾಮ್ರದ್ದು ಧನ 0.34. ಮ್ಯಾಂಗನೀಸಿನಿಂದ ಸತುವಿನವರೆಗಿನ ಆರು ಲೋಹಗಳಲ್ಲಿ ಧನ ಅಂಕಿ ತಾಮ್ರಕ್ಕೆ ಮಾತ್ರ. ‘ತಾಮ್ರದ ವಿಭವ ಮಾತ್ರ ಧನವಾಗಿರಲು ಕಾರಣವೇನು’ ಎಂಬುದು ದ್ವಿತೀಯ ಪಿಯುಸಿಯ ಪರಿಚಿತ ಪ್ರಶ್ನೆ. ಉತ್ತರ ಬರೆದು ಅಂಕ ಪಡೆದವರಿಗೂ ಅಂಗಳದಲ್ಲಿ ಅಪ್ಪ ಕತ್ತಿ ಅದ್ದುತ್ತಿದ್ದದ್ದು ಅದೇ ಪ್ರಶ್ನೆ ಎಂದು ಯಾರೂ ಹೇಳಿರುವುದಿಲ್ಲ.

ಹೇಳದಿರುವುದರಿಂದ ನಷ್ಟವೂ ಇದೆ. ಒಂದು ಕಿಲೋ ಮೈಲುತುತ್ತದಲ್ಲಿ ಸುಮಾರು 250 ಗ್ರಾಂ ತಾಮ್ರವಿದೆ. ಶಿಲೀಂಧ್ರದ ಕಿಣ್ವವನ್ನು ಹಿಡಿಯುವ ಅದೇ ಬಿಗಿಯಿಂದ ತಾಮ್ರ ಮಣ್ಣಿನ ಕೊಳೆತ ಸೊಪ್ಪಿನ ಅಂಶವನ್ನೂ ಹಿಡಿಯುತ್ತದೆ. ಮೆಗ್ನೀಸಿಯಂ ಹೊಳೆಗೆ ಹೋಗುವ ಮಳೆಯಲ್ಲೇ ತಾಮ್ರ ಮೇಲ್ಮಣ್ಣಿನಲ್ಲಿ ಉಳಿಯುತ್ತದೆ. ‘ಮಳೆ ಎಲ್ಲ ತೊಳೆಯುತ್ತದೆ’ ಎಂದು ನಂಬಿದವರಿಗೆ ಇದು ಹೊಳೆಯುವುದೇ ಇಲ್ಲ. ತಲೆಮಾರುಗಳಿಂದ ಔಷಧಿ ಹೊಡೆದ ತೋಟದ ಮಣ್ಣು ಪರೀಕ್ಷೆಗೆ ಕಳಿಸುವಾಗ ಸಾರಜನಕ, ರಂಜಕ, ಪೊಟ್ಯಾಷ್ ಜೊತೆಗೆ ತಾಮ್ರವನ್ನೂ ನೋಡಿ ಎಂದು ಕೇಳುವುದು ವಿವೇಕ. ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲೇ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯ ಇರುವಾಗ ಈ ಪ್ರಶ್ನೆ ಕೇಳಲು ದೂರ ಹೋಗಬೇಕಿಲ್ಲ.

ನನ್ನ ವಾದಕ್ಕೆ ರಸಾಯನಶಾಸ್ತ್ರದ ಉಪನ್ಯಾಸಕರು ಹೇಳಬಹುದಾದ ಬಲವಾದ ಆಕ್ಷೇಪ ಹೀಗಿದೆ: ಒಂಟಿ ಪರಮಾಣು ಅರ್ಥವಾಗದೆ ಅಯಾನು ಅರ್ಥವಾಗುವುದಿಲ್ಲ; ಬೀಜಕೇಂದ್ರದ ಎಳೆತ, ಎಲೆಕ್ಟ್ರಾನ್ ಕವಚಗಳ ಮರೆ, ಇವೇ ಎಲ್ಲದಕ್ಕೂ ಬುನಾದಿ. ಇದನ್ನು ಒಪ್ಪುತ್ತೇನೆ. ಅಲ್ಲದೆ ಗುಂಪಿನ ನಿಯಮ ಎಷ್ಟು ದೊಡ್ಡ ಸಾಧನೆ ಎಂಬುದನ್ನೂ ಮರೆಯಬಾರದು. 1869ರಲ್ಲಿ ಕೋಷ್ಟಕ ಮುಂದಿಟ್ಟ ಮೆಂಡಲೀವ್ ಅಲ್ಯುಮಿನಿಯಂನ ಕೆಳಗೆ ಒಂದು ಚೌಕ ಖಾಲಿ ಬಿಟ್ಟು, ಅಲ್ಲಿ ಬರಬೇಕಾದ ಧಾತುವಿನ ಗುಣಗಳನ್ನು ಮುಂಚಿತವಾಗಿ ಬರೆದಿಟ್ಟ. 1875ರಲ್ಲಿ ಗ್ಯಾಲಿಯಂ ಸಿಕ್ಕಿತು. ಇವತ್ತು ಗ್ಯಾಲಿಯಂ ಸಿಗುವುದು ಬಹುಪಾಲು ಬಾಕ್ಸೈಟಿನಿಂದ ಅಲ್ಯುಮಿನಾ ತೆಗೆಯುವಾಗಿನ ಉಪೋತ್ಪನ್ನವಾಗಿ. ಆವೇಶ ಒಂದೇ ಆಗಿ ಗಾತ್ರವೂ ಹತ್ತಿರವಿದ್ದ ಕಡೆ ಗುಂಪಿನ ನಿಯಮ ನೆಲದಲ್ಲೂ ನಿಲ್ಲುತ್ತದೆ.

ಬುನಾದಿಯ ಬಗ್ಗೆ ನನಗೆ ಆಕ್ಷೇಪವಿಲ್ಲ, ಬುನಾದಿ ಹಾಕಿ ಅಲ್ಲಿಗೇ ಕೆಲಸ ನಿಲ್ಲಿಸುವುದರ ಬಗ್ಗೆ ಇದೆ. ಒಂಟಿ ಪರಮಾಣುವಿನ ಅಂಕಿಗಳನ್ನು ಮಾತ್ರ ನೋಡಿದರೆ ಅಲ್ಯುಮಿನಿಯಂನಿಂದ ಮೂರು ಎಲೆಕ್ಟ್ರಾನ್ ಕೀಳಲು ಮೋಲೊಂದಕ್ಕೆ ಸುಮಾರು 5,140 ಕಿಲೋಜೂಲ್ ಬೇಕು; ಸೋಡಿಯಂನಿಂದ ಒಂದನ್ನು ಕೀಳಲು 496 ಸಾಕು. ಈ ಲೆಕ್ಕ ನೋಡಿದ ವಿದ್ಯಾರ್ಥಿ ಅಲ್ಯುಮಿನಿಯಂ ತನ್ನ ಎಲೆಕ್ಟ್ರಾನ್ ಬಿಡುವುದೇ ಇಲ್ಲ ಎಂದುಕೊಂಡರೆ ತಪ್ಪಲ್ಲ. ನೆಲದಲ್ಲಿ ನಡೆಯುವುದು ತದ್ವಿರುದ್ಧ. ಸುತ್ತಲಿನ ಆಕ್ಸಿಜನ್ ಅಯಾನುಗಳೊಡನೆ ಕೂಡಿದಾಗ ಹೊರಬರುವ ಶಕ್ತಿ ಆ ವೆಚ್ಚವನ್ನೆಲ್ಲ ತೀರಿಸಿಬಿಡುತ್ತದೆ. ಅಲ್ಯುಮಿನಿಯಂ–ಆಕ್ಸಿಜನ್ ನಂಟು ಅಷ್ಟು ಬಿಗಿಯಾದ್ದರಿಂದಲೇ ಆ ಲೋಹ 1825ರವರೆಗೆ ಯಾರ ಕೈಗೂ ಸಿಗಲಿಲ್ಲ, 1886ರಲ್ಲಿ ವಿದ್ಯುತ್ ವಿಧಾನ ಬರುವವರೆಗೆ ಅಗ್ಗವೂ ಆಗಲಿಲ್ಲ. ಕಬ್ಬಿಣವನ್ನಾದರೋ ಇದ್ದಿಲ ಕುಲುಮೆಯಲ್ಲೇ ಬಿಡಿಸಬಹುದಿತ್ತು. ಹೊಸನಗರ ತಾಲ್ಲೂಕಿನ ಕೊಡಚಾದ್ರಿಯ ಮೂಲ ಮೂಕಾಂಬಿಕೆ ಗುಡಿಯ ಮುಂದಿನ ಕಬ್ಬಿಣದ ಕಂಬ ಆ ದೇಶಿ ಕುಲುಮೆಗಳ ಕೆಲಸ. ಒಂದೇ ಕಲ್ಲಿನಲ್ಲಿ ಒಟ್ಟಿಗಿದ್ದ ಎರಡು ಲೋಹಗಳ ನಡುವಿನ ಈ ಅಂತರ ಅಯಾನೀಕರಣ ಶಕ್ತಿಯ ಬಾಣದಲ್ಲಿ ಇಲ್ಲ.

ಎನ್‌ಸಿಇಆರ್‌ಟಿ ಹತ್ತನೇ ತರಗತಿಯ ಪುಸ್ತಕದಿಂದ ಆವರ್ತ ಕೋಷ್ಟಕದ ಅಧ್ಯಾಯವನ್ನು ಕೈಬಿಟ್ಟಾಗ 2023ರಲ್ಲಿ ದೊಡ್ಡ ಗದ್ದಲವೇ ಆಯಿತು. ಹೊರೆ ಇಳಿಸಿದ್ದೇವೆ, ಮುಂದಿನ ತರಗತಿಯಲ್ಲಿ ಹೇಗೂ ಇದೆ ಎಂದರು ತೆಗೆದವರು. ವಿಜ್ಞಾನದ ಬುನಾದಿಗೇ ಪೆಟ್ಟು ಎಂದರು ವಿರೋಧಿಸಿದವರು. ವಿರೋಧಿಸಿದವರ ಪಕ್ಷ ನನ್ನದೂ ಹೌದು, ಏಕೆಂದರೆ ಎಸ್‌ಎಸ್‌ಎಲ್‌ಸಿ ನಂತರ ವಿಜ್ಞಾನ ಬಿಡುವವರೇ ಹೆಚ್ಚು, ತೋಟ ಗದ್ದೆ ನೋಡಿಕೊಳ್ಳುವವರೂ ಬಹುಪಾಲು ಅವರೇ. ಆದರೆ ಗದ್ದಲದ ಎರಡೂ ಬದಿಯವರು ಕಣ್ಣಮುಂದೆ ಇಟ್ಟುಕೊಂಡಿದ್ದದ್ದು ಅದೇ ಬಾಣಗಳ ಪಾಠವನ್ನು. ಅಷ್ಟೇ ಆಗಿದ್ದರೆ ಅದನ್ನು ಹೊರೆ ಎಂದವರನ್ನು ಪೂರಾ ತಪ್ಪಿತಸ್ಥರೆನ್ನಲು ನನಗೆ ನಾಲಿಗೆ ಏಳುವುದಿಲ್ಲ.

ಬದಲಾಗಬೇಕಾದದ್ದು ಬಹಳವೇನಿಲ್ಲ. ಆವೇಶ ಮತ್ತು ತ್ರಿಜ್ಯ ಎರಡೂ ಈಗಿನ ಅಧ್ಯಾಯದಲ್ಲೇ ಇವೆ, ಭಾಗಾಕಾರ ನಾಲ್ಕನೇ ಕ್ಲಾಸಿನದು. ಒಂದು ಪುಟದಲ್ಲಿ ಅಯಾನುಗಳ ಪಟ್ಟಿ, ಎದುರಿಗೆ ಬಂಡೆ, ಜಂಬಿಟ್ಟಿಗೆ ಮತ್ತು ಬೂದಿಯಲ್ಲಿ ಏನಿದೆ ಏನಿಲ್ಲ ಎಂಬ ಪಟ್ಟಿ ಕೊಟ್ಟರೆ ಉಳಿದದ್ದನ್ನು ಹದಿನಾರರ ಹುಡುಗಿ ತಾನೇ ಹೊಂದಿಸಿಯಾಳು. ‘ಅಪವಾದ’ ಎಂಬ ತಲೆಬರಹವನ್ನು ತೆಗೆದು ‘ಈ ಪ್ರಶ್ನೆಗೆ ಯಾವ ಪ್ರವೃತ್ತಿ ಸಲ್ಲುತ್ತದೆ’ ಎಂದು ಬರೆದರೆ ಸಾಕು. ಪ್ರವೃತ್ತಿ ಧಾತುವಿನ ಜಾತಕವಲ್ಲ, ನಾವು ಕೇಳುವ ಪ್ರಶ್ನೆಗೆ ತಕ್ಕಂತೆ ಕೋಷ್ಟಕ ಕೊಡುವ ಉತ್ತರ: ಕರಗುವುದೇ ಎಂದು ಕೇಳಿದರೆ ಒಂದು ಗೆರೆ, ಅಂಟುವುದೇ ಎಂದು ಕೇಳಿದರೆ ಇನ್ನೊಂದು, ಲೋಹವಾಗಿ ಬಿಡಿಸಬಹುದೇ ಎಂದು ಕೇಳಿದರೆ ಮತ್ತೊಂದು.

ಪ್ರಶ್ನೆಪತ್ರಿಕೆಗೂ ನನ್ನದೊಂದು ಸಲಹೆಯಿದೆ. ತಾಮ್ರ ಮತ್ತು ಮೆಗ್ನೀಸಿಯಂ ಅಯಾನುಗಳ ಆವೇಶ ಒಂದೇ, ಗಾತ್ರವೂ ಹೆಚ್ಚುಕಡಿಮೆ ಒಂದೇ. ಒಂದು ಅಡಿಕೆ ತೋಟದ ಮೇಲ್ಮಣ್ಣಿನಲ್ಲಿ ಉಳಿಯುತ್ತದೆ, ಇನ್ನೊಂದು ಶರಾವತಿ ಸೇರುತ್ತದೆ, ಕಾರಣ ಕೊಡಿ. ಬಾಣಗಳನ್ನು ಉರು ಹೊಡೆದವರು ಇದಕ್ಕೆ ಉತ್ತರಿಸಲಾರರು, ಕೋಷ್ಟಕವನ್ನು ಓದಲು ಕಲಿತವರು ಉತ್ತರಿಸಿಯಾರು. ಈ ಎರಡು ಬಗೆಯವರಲ್ಲಿ ಯಾರನ್ನು ತಯಾರು ಮಾಡಬೇಕೆಂಬುದನ್ನು ಪಠ್ಯ ಬರೆಯುವವರು ತೀರ್ಮಾನಿಸಲಿ.